ಕಂಬಿ ಹಿಡಿಯದೆ

ಮೊದಲ ದಿನ ನಾಲ್ಕು ಸಲ ಬಿದ್ದೆ.
ಒಮ್ಮೆ ಹಂಪನಕಟ್ಟೆಯಲ್ಲಿ,
ಮಲ್ಲಿಗೆಯ ಅಟ್ಟೆ ಹಿಡಿದು ಕೂತ ಹೆಂಗಸಿನ ಮಡಿಲಿಗೇ.
ಒಮ್ಮೆ ಜ್ಯೋತಿಯಲ್ಲಿ, ಚಿಲ್ಲರೆ ಸಮೇತ.
ಸೀಟಿನಡಿ ಉರುಳಿಹೋದ ಐದರ ನಾಣ್ಯ
ಇವತ್ತಿಗೂ ನನ್ನ ಲೆಕ್ಕದಲ್ಲಿ ಕಮ್ಮಿ ಉಂಟು.
ಉಳಿದೆರಡು ಎಲ್ಲಿ ಎಂದು ಕೇಳಬೇಡಿ.

ಮೋನಪ್ಪಣ್ಣ ಕನ್ನಡಿಯಲ್ಲಿ ನೋಡಿದ, ನಗಲಿಲ್ಲ.
ವಾಮಂಜೂರಿನಲ್ಲಿ ಬಸ್ಸು ನಿಲ್ಲಿಸಿ, ಬೀಡಿ ಹಚ್ಚಿ ಹೇಳಿದ:
"ಪತ್ತೊಡ್ಚಿ ಮಾರಾಯಾ.
ಕಂಬಿ ಹಿಡಿದವ ಯಾವ ಕೈಯಲ್ಲಿ ಟಿಕೆಟು ಹರಿಯುತ್ತಾನೆ?
ಮೊಣಕಾಲು ಸಡಿಲ ಬಿಡು.
ಬಸ್ಸು ವಾಲುವ ಒಂದು ಗಳಿಗೆ ಮುಂಚೆ ನೀನು ವಾಲು.
ನಾನು ಬ್ರೇಕು ತುಳಿಯುವುದು
ನನಗಿಂತ ಮೊದಲು ನಿನ್ನ ಹಿಮ್ಮಡಿಗೆ ಗೊತ್ತಾಗಬೇಕು."

ಪುಸ್ತಕದಲ್ಲಿ ಇದು ಇರಲಿಲ್ಲ.
ಬಿಕಾಂ ನಾಲ್ಕನೇ ಸೆಮಿಸ್ಟರಿನ ಪುಸ್ತಕದಲ್ಲಿ
ನಷ್ಟಕ್ಕೆ ಎರಡೇ ಬಗೆ: ಸಹಜ, ಅಸಹಜ.
ಅಮ್ಮನ ಕಿಡ್ನಿಗಳನ್ನು ಯಾವ ಕಾಲಮಿನಲ್ಲಿ ಬರೆಯಬೇಕೆಂದು
ಉದಾಹರಣೆ ಕೊಟ್ಟಿರಲಿಲ್ಲ.
ಹಾಜರಿ ಕಮ್ಮಿಯಾಯಿತು, ಫೀಸು ಬಾಕಿಯಾಯಿತು.
ಒಂದು ಸೋಮವಾರ
ಅದೇ ಚೀಲದಲ್ಲಿ ಬುತ್ತಿ ಮತ್ತು ವಿಸಿಲ್ ಹಾಕಿಕೊಂಡು ಹೊರಟೆ.

ಮಂಗಳವಾರ, ಶುಕ್ರವಾರ
ಬಿಕರ್ನಕಟ್ಟೆಯಲ್ಲಿ ಅಮ್ಮ ನನ್ನದೇ ಬಸ್ಸು ಹತ್ತುತ್ತಾಳೆ,
ವೆನ್‌ಲಾಕಿಗೆ, ರಕ್ತ ತೊಳೆಸಲು.
ಕರ್ಚೀಫಿನ ಗಂಟು ಬಿಚ್ಚಿ ಸರಿಯಾದ ಚಿಲ್ಲರೆ ಚಾಚುತ್ತಾಳೆ.
ಒಮ್ಮೆ, ಒಮ್ಮೆ ಮಾತ್ರ, ಬೇಡ ಎಂದೆ.
"ಧಣಿಯ ಬಸ್ಸು ಇದು, ನಿನ್ನ ಅಪ್ಪನದ್ದಲ್ಲ"
ಇಡೀ ಬಸ್ಸಿಗೆ ಕೇಳುವ ಹಾಗೆ.
ಟಿಕೆಟು ಹರಿದು ಕೊಟ್ಟೆ.
ಎಡಗೈಯಲ್ಲಿ ಅವಳು ಕಂಬಿ ಹಿಡಿಯುವಂತಿಲ್ಲ.
ಅಲ್ಲಿ ನರಕ್ಕೆ ನರ ಹೊಲಿದಿದ್ದಾರೆ.
ಮುಟ್ಟಿದರೆ ಒಳಗೆ ಗುಂಯ್ ಎನ್ನುತ್ತದೆ,
ಚಾಲೂ ಇಟ್ಟ ಇಂಜಿನ್ನಿನ ಹಾಗೆ.

ಒಂದು ಸಂಜೆ ಕ್ಲಾಸಿನವರೇ ಹತ್ತಿದರು, ಐದು ಮಂದಿ.
ಅವರ ನಗು ಫುಟ್‌ಬೋರ್ಡಿನಲ್ಲೇ ನಿಂತಿತು.
ನಾನು ಬೆನ್ನು ತಿರುಗಿಸಿ
"ದುಂಬು ಪೋಲೆ, ದುಂಬು ಪೋಲೆ" ಎಂದು ಬೊಬ್ಬೆ ಹಾಕಿದೆ,
ಮುಂದೆ ಒಂದು ಗೇಣು ಜಾಗವಿಲ್ಲದ ಬಸ್ಸಿನಲ್ಲಿ.
ಇಳಿಯುವಾಗ ಶಮ್ರೀನಾ ಒಂದು ಕಟ್ಟು ಕಾಗದ ತುರುಕಿದಳು.
"ಕಾಸ್ಟಿಂಗ್ ನೋಟ್ಸು. ಜೆರಾಕ್ಸಿಗೆ ನಲವತ್ತೆಂಟು ರೂಪಾಯಿ,
ನಿಧಾನಕ್ಕೆ ಕೊಡು. ಕೊಡದೆ ಮಾತ್ರ ಇರಬೇಡ."
ಪುಕ್ಕಟೆ ಕೊಟ್ಟಿದ್ದರೆ ಅಲ್ಲೇ ಗಾಳಿಗೆ ಬಿಡುತ್ತಿದ್ದೆನೋ ಏನೋ.
ಆರು ಟ್ರಿಪ್ಪಿನಲ್ಲಿ, ಬರೇ ನಾಣ್ಯದಲ್ಲಿ, ತೀರಿಸಿದೆ.

ಕೊನೆಯ ಸ್ಟಾಪಿನ ಹದಿನೈದು ನಿಮಿಷ,
ಬಸ್ಸಿನ ಮಂಕು ಬಲ್ಬು,
ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುವ ಮೋನಪ್ಪಣ್ಣ.
ಹೀಗೆ ಓದಿ ಬರೆದೆ.
ಮೂರು ಪಾಸು. ಕಾಸ್ಟಿಂಗ್ ನಾಲ್ಕು ಅಂಕಕ್ಕೆ ಹೋಯಿತು.
ಆ ರಾತ್ರಿ ಊಟ ಮಾಡಲಿಲ್ಲ.
ಸುಳ್ಳು ಯಾಕೆ, ಮರುದಿನವೂ ಮಾಡಲಿಲ್ಲ.
ಜೋರು ತಲೆನೋವೆಂದು ಧಣಿಗೆ ಫೋನು ಮಾಡಿ
ಗೋಡೆಯ ಕಡೆ ತಿರುಗಿ ಮಲಗಿದ್ದೆ.
ಮೂರನೆಯ ದಿನ ಮಂಗಳವಾರ.

ಆರು ಹತ್ತರ ಟ್ರಿಪ್ಪು.
ನಂತೂರಿನ ತಿರುವಿನಲ್ಲಿ ಕಂಬಿ ಹಿಡಿದವರೆಲ್ಲ
ಒಗೆದು ಹಾಕಿದ ಬಟ್ಟೆಯ ಹಾಗೆ ಒಂದೇ ಕಡೆ ತೂಗಿದರು.
ನನ್ನ ಎಡಗೈಯಲ್ಲಿ ನೋಟು, ಬಲಗೈಯಲ್ಲಿ ಟಿಕೆಟು.
ಅಮ್ಮ ಮುಖ ನೋಡಲಿಲ್ಲ, ಕಾಲು ನೋಡುತ್ತಿದ್ದಳು.
"ನೀನು ಬೀಳುವುದಿಲ್ಲವಾ?"

"ಬೀಳುತ್ತೇನೆ" ಎಂದೆ, ಯಾರದ್ದೋ ಚಿಲ್ಲರೆ ಎಣಿಸುತ್ತ.
"ಪ್ರತಿ ತಿರುವಿಗೂ ಬೀಳುತ್ತೇನೆ.
ಹೊರಗೆ ಕಾಣದಷ್ಟೇ."

ಅವಳು ಏನೋ ಹೇಳಿದಳು, ಕೇಳಲಿಲ್ಲ.
ಮಲ್ಲಿಕಟ್ಟೆ ಬಂದಿತ್ತು, ಇಳಿಯುವವರಿದ್ದರು.
ವಿಸಿಲ್ ಬಾಯಿಗಿಟ್ಟೆ.